ಬ್ರೇಕಿನ ಎಣ್ಣೆ

ಕಲಬುರಗಿಯ ಆ ಮುದುಕ ಸೈಕಲ್ ಮಿಸ್ತ್ರಿಗೆ ಸಲಾಕೆಯ ಬ್ರೇಕು ಅಂಗೈಯ ಗೆರೆಯಷ್ಟು ಪರಿಚಿತವಾದುದು. ಹಿಡಿಕೆಯನ್ನು ಅದುಮಿದರೆ ಸಲಾಕೆ ಎಳೆಯುತ್ತದೆ, ರಬ್ಬರು ಗಾಲಿಯನ್ನು ಕಚ್ಚುತ್ತದೆ. ಕಣ್ಣಿಗೆ ಕಾಣದ್ದು ಅದರಲ್ಲಿ ಏನೂ ಇಲ್ಲ.

ಏಪ್ರಿಲ್ ತಿಂಗಳ ಒಂದು ಮುಂಜಾನೆ ಕಾಲೇಜು ಹುಡುಗನೊಬ್ಬ ತಂದ ಸೈಕಲ್ಲು ಬೇರೆ ಬಗೆಯದು. ಅದರ ತೆಳು ಕೊಳವೆಯಲ್ಲಿ ತಂತಿಯ ಬದಲು ಎಣ್ಣೆಯಿತ್ತು. ದ್ರವವನ್ನು ಒತ್ತಿ ಕುಗ್ಗಿಸುವುದು ಬಹುಮಟ್ಟಿಗೆ ಆಗದ ಮಾತು. ಮುಚ್ಚಿದ ದ್ರವದ ಒಂದೆಡೆ ಬಿದ್ದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಪಾಸ್ಕಲ್ ತಿಳಿಸಿದ್ದನು. ಹಿಡಿಕೆಯ ಬಳಿ ಸಣ್ಣ ಪಿಸ್ಟನ್, ಗಾಲಿಯ ಬಳಿ ದೊಡ್ಡದು; ಆದುದರಿಂದಲೇ ಎರಡು ಬೆರಳಿನ ಬಲ ಗಾಲಿಯನ್ನು ನಿಲ್ಲಿಸುತ್ತದೆ.

ಹುಡುಗನು ಕಮಲಾಪುರಕ್ಕೆ, ಸೋದರಮಾವನ ಕೆಂಪು ಬಾಳೆಯ ತೋಟಕ್ಕೆ ಹೊರಟಿದ್ದನು. ಮಿಸ್ತ್ರಿ ಮೋಟರ್ ಸೈಕಲ್ಲಿನ ಬ್ರೇಕ್ ಎಣ್ಣೆಯನ್ನು ತುಂಬಿ ಕಳುಹಿಸಿದನು. ಮಧ್ಯಾಹ್ನ, ಹುಡುಗನು ಮರೆತು ಹೋಗಿದ್ದ ಕೈಪಿಡಿಯನ್ನು ಓದುತ್ತ ಮೊಮ್ಮಗಳು ಕೇಳಿದಳು: “ಮುತ್ಯಾ, ಮಿನರಲ್ ಆಯಿಲ್ ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡರಿ ಅಂತ ಬರ್ದದಲ್ಲ, ನೀ ಏನ್ ಹಾಕಿದಿ?”

ಮಿಸ್ತ್ರಿ ಅಂಗಡಿಯನ್ನು ಮುಚ್ಚಿ ಹುಮನಾಬಾದ್ ಕಡೆಯ ಬಸ್ಸು ಹಿಡಿದನು. ದಾರಿಯುದ್ದಕ್ಕೂ ಅವನ ದೃಷ್ಟಿ ರಸ್ತೆಯ ಅಂಚಿನಲ್ಲಿಯೇ ಇತ್ತು. ಹುಡುಗನು ತೋಟದಲ್ಲಿ ಸುಖವಾಗಿದ್ದನು. “ಬ್ರೇಕ್ ಚಲೋನೇ ಹಿಡೀಲತ್ತದ, ಕಾಕಾ” ಎಂದು ನಕ್ಕನು.

“ಇವತ್ತ ಹಿಡೀತದ ತಮ್ಮಾ, ನಾಳಿಂದು ಯಾರಿಗಿ ಗೊತ್ತು?”

ಎರಡು ಎಣ್ಣೆಗಳ ಗುಣವೂ ಬೇರೆ. ಮೋಟರ್ ಸೈಕಲ್ಲಿನದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯದು ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯಾಗುತ್ತದೆ, ಆವಿಯನ್ನು ಒತ್ತಿದರೆ ಕುಗ್ಗುತ್ತದೆ, ಹಿಡಿಕೆ ಬರಿದೇ ಒಳಸರಿಯುತ್ತದೆ. ಬ್ರೇಕು ಕೆಟ್ಟಾಗ ಜನರು ಕಲಬುರಗಿಯ ಬಿಸಿಲನ್ನು ದೂರುವುದುಂಟು. ಪಾಪ, ನಲವತ್ತರ ಮೇಲಿನ ಆ ಬಿಸಿಲು ಈ ಕುದಿತಕ್ಕೆ ಏನೇನೂ ಸಾಲದು. ಇಳಿಜಾರಿನಲ್ಲಿ ಬ್ರೇಕಿನ ತಿಕ್ಕಾಟವೇ ಅಂಥ ಕಾವನ್ನು ಹುಟ್ಟಿಸುವುದು. ಖನಿಜ ತೈಲ ನೀರನ್ನು ಹೀರದು. ಆದರೆ ಒಳಹೊಕ್ಕ ಹನಿ ಬೆರೆಯದೆ ತಗ್ಗಿನಲ್ಲಿ ಕೂಡುತ್ತದೆ. ಇನ್ನು ಒಂದು ಎಣ್ಣೆಗೆ ಒಗ್ಗುವ ರಬ್ಬರಿನ ಬಳೆ ಮತ್ತೊಂದರಲ್ಲಿ ಉಬ್ಬಿ ಕೆಡುತ್ತದೆ. ಅದು ಒಂದೇ ದಿನದಲ್ಲಿ ತೋರುವ ಕೇಡಲ್ಲ; ಮಿಸ್ತ್ರಿ ಹೆದರಿದ್ದು ಅದಕ್ಕೇ.

ಸೈಕಲ್ಲು ಟಂಟಂ ಏರಿ ಕಲಬುರಗಿಗೆ ಮರಳಿತು. ಬಾಡಿಗೆಯನ್ನು ಮಿಸ್ತ್ರಿಯೇ ಕೊಟ್ಟನು. ಹೊಸ ಬಳೆಗಳು ಬಂದು ಸೇರುವವರೆಗೆ ಹುಡುಗನಿಗೆ ಅಂಗಡಿಯ ಹಳೆಯ ಸಲಾಕೆಯ ಸೈಕಲ್ಲು ದೊರೆಯಿತು. ಕಳಚಿದ ಬಳೆಗಳನ್ನು ಮಿಸ್ತ್ರಿ ಎಸೆಯಲಿಲ್ಲ. ಮೊಳೆಯೊಂದಕ್ಕೆ ತೂಗುಹಾಕಿ, ಪಕ್ಕದಲ್ಲಿ ಎರಡೂ ಎಣ್ಣೆಗಳ ಹೆಸರನ್ನು ಮೊಮ್ಮಗಳಿಂದ ದೊಡ್ಡ ಅಕ್ಷರಗಳಲ್ಲಿ ಬರೆಸಿದನು.