ಬಟ್ಟೆಯ ಹಿಂಬದಿ

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಡಿಸೈನ್ ಓದುತ್ತಾಳೆ. ಡಿಸೈನ್ ಎಂದರೆ ರಂಗೋಲಿ, ಹೊಲಿಗೆಗಳ ಒಂದು ದುಬಾರಿ ರೂಪವಿರಬೇಕೆಂದು ನಮ್ಮ ಮನೆಯಲ್ಲಿ ಬಹಳ ದಿನ ನಂಬಿದ್ದೆವು. ಹಾಗಲ್ಲವಂತೆ. ಕೂಡುವ ಕುರ್ಚಿಯಿಂದ ಔಷಧದ ಸೀಸೆಯ ಮೇಲಿನ ಅಕ್ಷರದವರೆಗೆ ಮನುಷ್ಯನ ಕೈಗೂ ಕಣ್ಣಿಗೂ ತಾಗುವುದೆಲ್ಲ ಆ ವಿದ್ಯೆಯ ವ್ಯಾಪ್ತಿಗೆ ಬರುತ್ತದೆ. ಮೊದಲ ವರ್ಷದ ರಜೆಯಲ್ಲಿ ಧಾರವಾಡಕ್ಕೆ ಬಂದವಳು ನಮ್ಮ ಅಡಿಗೆಮನೆಯ ಕಟ್ಟೆ ಅವಳ ಮಾಮಿಯ ಬೆನ್ನಿಗೆ ಶತ್ರುವೆಂದೂ, ನಾನು ತಯಾರಿಸುವ ಪ್ರಶ್ನಪತ್ರಿಕೆಯನ್ನು ನೋಡಿದರೆ ಉತ್ತರ ಬರುವವನಿಗೂ ಮರೆತುಹೋಗುವುದೆಂದೂ ತೀರ್ಪು ಕೊಟ್ಟಿದ್ದಳು. ಎರಡೂ ನಿಜವಾದ್ದರಿಂದ ನಾವು ಸುಮ್ಮನಿದ್ದೆವು.

ಈ ಸಲ, ಮೂರನೆಯ ವರ್ಷದ ರಜೆಗೆ ಬಂದವಳು ಎರಡು ಹಾಳೆ ನನ್ನ ಮುಂದಿಟ್ಟಳು. ತನ್ನ ಸ್ಫೂರ್ತಿ ಎಲ್ಲಿಯದು, ತನ್ನ ತತ್ವಗಳೇನು ಎಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆದು, ಅದಕ್ಕೆ ಒಪ್ಪುವ ಒಂದು ಕೆಲಸವನ್ನೂ ಮಾಡಿ ಒಪ್ಪಿಸಬೇಕಂತೆ. ಇಪ್ಪತ್ತು ವರ್ಷದ ಹುಡುಗಿಯನ್ನು ನಿನ್ನ ತತ್ವಗಳೇನು ಎಂದು ಕೇಳುವ ಕಾಲೇಜಿನ ಧೈರ್ಯ ನನಗೆ ಮೆಚ್ಚುಗೆಯಾಯಿತು. ನಲವತ್ತು ದಾಟಿದ ನಮ್ಮನ್ನು ಯಾರೂ ಕೇಳುವುದಿಲ್ಲವಲ್ಲ ಎಂದು ಸಮಾಧಾನವೂ ಆಯಿತು. ಬರಹ ಇಂಗ್ಲಿಷಿನದು. ಕನ್ನಡದ ಮಾಸ್ತರನಿಗೇಕೆ ಇದು ಎಂದರೆ, “ವಿಚಾರ ತಪ್ಪಿದ್ರ ಹೇಳ್ರಿ ಮಾಮಾ. ವ್ಯಾಕರಣ ಕಂಪ್ಯೂಟರ್ ನೋಡಿಕೋತದ” ಎಂದಳು.

ತತ್ವಗಳು ಆರಿದ್ದುವು. ವಸ್ತು ಉಪಯೋಗಕ್ಕೆ ಬರಬೇಕು, ಬಹುಕಾಲ ಬಾಳಬೇಕು, ತನ್ನಲ್ಲಿಲ್ಲದ ಗುಣವನ್ನು ಇದೆಯೆಂದು ತೋರಿಸದೆ ಪ್ರಾಮಾಣಿಕವಾಗಿರಬೇಕು - ಹೀಗೆ. ಇವು ನಿನಗೆ ಹೊಳೆದದ್ದು ಹೇಗೆ ಎಂದು ಸಂತೋಷದಿಂದ ಕೇಳಿದೆ. ಡೀಟರ್ ರಾಮ್ಸ್ ಎಂಬ ಜರ್ಮನ್ ವಿನ್ಯಾಸಕಾರ, ಬ್ರೌನ್ ಕಂಪನಿಯ ರೇಡಿಯೋ, ಗಡಿಯಾರ, ಲೆಕ್ಕದ ಯಂತ್ರಗಳಿಗೆ ರೂಪ ಕೊಟ್ಟವನು, ಒಳ್ಳೆಯ ವಿನ್ಯಾಸಕ್ಕೆ ಹತ್ತು ಲಕ್ಷಣಗಳನ್ನು ಹೇಳಿದ್ದಾನೆ. ನಮ್ಮ ಹುಡುಗಿ ಹತ್ತರಲ್ಲಿ ಆರನ್ನು ಆರಿಸಿಕೊಂಡಿದ್ದಳು.

“ಅಂದ್ರ ಪ್ರಾಮಾಣಿಕತೀನೂ ಕಡಾ ತಂದದ್ದೇನು?” ಎಂದೆ. ಇಬ್ಬರೂ ನಕ್ಕೆವು. ಆಗ ಅದು ಬರಿಯ ತಮಾಷೆಯಾಗಿತ್ತು.

ಸ್ಫೂರ್ತಿಯ ಹಾಳೆ ಇನ್ನೂ ಸೊಗಸಾಗಿತ್ತು. ಉತ್ತರ ಕರ್ನಾಟಕದ ಅನಾಮಿಕ ಜಾನಪದ ಕಲೆ ಅವಳ ಸ್ಫೂರ್ತಿಯಂತೆ. ಜೊತೆಗೆ ಒಪ್ಪಿಸುವ ಕೆಲಸ ದಿಂಬಿನ ಹೊದಿಕೆಯ ಬಟ್ಟೆ. ಕಪ್ಪು ನೆಲದ ಮೇಲೆ ಒಂದು ಗೋಪುರ, ಒಂದು ತೇರು, ಮತ್ತೆ ಸಾಲಾಗಿ ಆನೆಗಳು. ಕಂಪ್ಯೂಟರಿನಲ್ಲಿ ಬರೆದು ಅಚ್ಚು ಹಾಕಿಸಿದ್ದು. ಆನೆಯನ್ನು ನೋಡಿದ ಕೂಡಲೆ ಎಲ್ಲಿಯೋ ಕಂಡಂತಾಯಿತು. ಎಲ್ಲಿಯೋ ಏನು, ನಮ್ಮ ಓಣಿಯಲ್ಲಿಯೇ. ನಾಲ್ಕು ಮನೆ ಆಚೆ ಇರುವ ಅಜ್ಜಿ ಸಂಕ್ರಾಂತಿಯ ದಿನ ತನ್ನ ಹಳೆಯ ಚಂದ್ರಕಾಳಿ ಸೀರೆಯನ್ನು ಉಡುತ್ತಾಳೆ. ಎಳ್ಳು ಕೊಡಲು ಹೋದಾಗ ಇವಳು ಸೆರಗಿನ ಫೋಟೋ ತೆಗೆದುಕೊಂಡಿದ್ದಳು. ಆ ಅನಾಮಿಕ ಜಾನಪದಕ್ಕೆ ಹೆಸರಿದೆ. ಮನೆಯ ಬಾಗಿಲ ಮೇಲೆ ಬರೆದೂ ಇದೆ.

“ಅಜ್ಜಿಗೆ ಹೇಳೀಯೇನು?”

“ಫೋಟೋ ತೆಗೀಲೇನು ಅಂತ ಕೇಳಿದ್ದೆ.”

“ಇದನ್ನ ಮಾಡ್ತೀನಿ ಅಂತ?”

ಅದಕ್ಕೆ ಅವಳ ಬಳಿ ಸಿದ್ಧ ಉತ್ತರವಿತ್ತು. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರಕಾರದ ಕೋರಿಕೆಯ ಮೇರೆಗೆ 1958ರಲ್ಲಿ ಒಂದು ವರದಿ ಬರೆದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಅದರ ಫಲವಾಗಿ. ಆ ವರದಿಯಲ್ಲಿ ಅವರು ಎಲ್ಲಕ್ಕಿಂತ ಹೊಗಳಿರುವುದು ಲೋಟವನ್ನು. (ಲೋಟವೆಂದರೆ ನಮ್ಮ ಲೋಟವಲ್ಲ, ಹಿಂದಿಯವರ ಲೋಟ ನಮ್ಮ ತಂಬಿಗೆ. ಇದು ತಿಳಿಯುವವರೆಗೆ, ಕಾಫಿ ಕುಡಿಯುವ ಲೋಟದಲ್ಲಿ ಅಂಥದೇನು ಕಂಡರಪ್ಪ ಎಂದು ನಾನು ತಲೆ ಕೆರೆದುಕೊಂಡಿದ್ದೆ.) ತಂಬಿಗೆಯ ಹೊಟ್ಟೆ ಎಷ್ಟಿರಬೇಕು, ಕಂಠ ಎಷ್ಟಿರಬೇಕು, ತುಂಬಿದಾಗ ಭಾರ ಎಲ್ಲಿ ನಿಲ್ಲಬೇಕು, ಸೊಂಟದ ಮೇಲೆ ಹೇಗೆ ಕೂಡಬೇಕು ಎಂಬುದನ್ನೆಲ್ಲ ಯಾವ ಒಬ್ಬನೂ ನಿರ್ಧರಿಸಿದ್ದಲ್ಲ, ತಲೆತಲಾಂತರದಿಂದ ಎಷ್ಟೋ ಕೈಗಳು ತಿದ್ದಿದ್ದು ಎಂಬುದು ಅವರ ವಿಚಾರ. ಸುಂದರವಾದ ವಿಚಾರ. ಆದರೆ ನಮ್ಮ ಹುಡುಗಿ ಅದರಿಂದ ಎಳೆದ ತೀರ್ಮಾನ ಬೇರೆ: ತಂಬಿಗೆ ಯಾರದೂ ಅಲ್ಲ, ಕಸೂತಿಯೂ ಯಾರದೂ ಅಲ್ಲ, ಯಾರದೂ ಅಲ್ಲದ್ದು ನನ್ನದಾಗಬಹುದು. ಎಲ್ಲರದು ಎಂಬುದು ಯಾರದೂ ಅಲ್ಲ ಎಂದಾಗಲು ನಮ್ಮಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಊರ ಗೋಮಾಳಗಳನ್ನು ಕೇಳಿದರೆ ಹೇಳುತ್ತವೆ.

“ನಡಿ, ಅಜ್ಜಿಗೆ ತೋರಿಸಿ ಬರೋಣ” ಎಂದೆ. ಸಂಜೆ ಬಟ್ಟೆಯನ್ನು ಮಡಿಚಿಕೊಂಡು ಹೋದೆವು.

ಅಜ್ಜಿಗೆ ಎಂಬತ್ತು ದಾಟಿದೆ. ಎರಡೂ ಕಣ್ಣಿಗೆ ಪೊರೆ ತೆಗೆಸಿಕೊಂಡಿದ್ದಾಳೆ. ಸೂಜಿ ಬಿಟ್ಟು ಬಹಳ ವರ್ಷವಾಯಿತು. ಬಟ್ಟೆಯನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಆನೆಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ನಕ್ಕಳು.

“ಇದು ನನ್ನ ಆನಿ! ಸೊಂಡಿಲು ನೋಡ್ರಿ ಮಾಸ್ತರ, ಎಷ್ಟ್ ಮೋಟದ. ಅಲ್ಲೆ ಎರಡು ಎಳಿ ಎಣಿಸೋದು ತಪ್ಪಿತ್ತು ನಾನು. ನಮ್ಮ ಸೋದರತ್ತಿ ಬೈದಿದ್ದಳು. ಬಿಚ್ಚಂದ್ರ ಬಿಚ್ಚಲಿಲ್ಲ.”

ಹಸ್ತಪ್ರತಿಗಳನ್ನು ಪರಿಷ್ಕರಿಸುವ ನಮ್ಮ ಶಾಸ್ತ್ರದಲ್ಲಿ ಒಂದು ನಿಯಮವಿದೆ. ಒಂದು ಓಲೆಗರಿಯ ಪ್ರತಿ ಇನ್ನೊಂದರಿಂದ ಇಳಿದದ್ದೆಂದು ತಿಳಿಯುವುದು ಎರಡರಲ್ಲಿಯೂ ಇರುವ ಸರಿಯಾದ ಪಾಠದಿಂದಲ್ಲ, ಎರಡರಲ್ಲಿಯೂ ಇರುವ ತಪ್ಪಿನಿಂದ. ಸರಿಯಾದದ್ದನ್ನು ಇಬ್ಬರು ಬೇರೆ ಬೇರೆಯಾಗಿ ಬರೆಯಬಹುದು; ಒಂದೇ ಕಡೆ ಒಂದೇ ತಪ್ಪನ್ನು ಮಾಡುವುದು ಕಷ್ಟ. ಎಷ್ಟೋ ವರ್ಷ ಇದನ್ನು ಎಂ.ಎ. ತರಗತಿಗೆ ಹೇಳಿದ್ದೇನೆ. ಒಂದು ಮೋಟು ಸೊಂಡಿಲು ಅದನ್ನು ಇಷ್ಟು ಸ್ವಚ್ಛವಾಗಿ ಹೇಳಬಲ್ಲುದೆಂದು ತಿಳಿದಿರಲಿಲ್ಲ. ಹುಡುಗಿಯ ಮುಖ ಕೆಂಪಾಯಿತು.

ಅಜ್ಜಿಗೆ ಮಾತ್ರ ಕೋಪವಿರಲಿಲ್ಲ. ಅವಳ ಕುತೂಹಲವೇ ಬೇರೆ. ಬಟ್ಟೆಯನ್ನು ತಿರುವಿ ಹಾಕಿದಳು. ಹಿಂಬದಿ ಖಾಲಿ, ಬಣ್ಣ ಅಲ್ಲಲ್ಲಿ ಮಸುಕಾಗಿ ಇಳಿದಿತ್ತು.

“ಹಿಂದ ಏನೂ ಇಲ್ಲಲ್ಲ ತಂಗಿ?”

ಒಳಗಿನಿಂದ ಸೀರೆ ತರಿಸಿ ಸೆರಗನ್ನು ನಮ್ಮ ಮುಂದೆ ಹರವಿದಳು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ; ನೇಯ್ಗೆಯ ಎಳೆಗಳನ್ನು ಕಣ್ಣಿನಿಂದಲೇ ಎಣಿಸಿ ಸೂಜಿ ಹಾಕಬೇಕು. ಗವಂತಿಯಲ್ಲಿ ಸೂಜಿ ಒಂದು ಬಿಟ್ಟು ಒಂದು ಮನೆ ಹಾರುತ್ತ ಹೋಗುತ್ತದೆ. ಮರಳಿ ಅದೇ ದಾರಿಯಲ್ಲಿ ಬರುತ್ತ ಬಿಟ್ಟ ಮನೆಗಳನ್ನು ತುಂಬುತ್ತದೆ. ಆದ್ದರಿಂದ ಮುಂದೆ ಕಂಡ ಗೆರೆಯೇ ಹಿಂದೆಯೂ ಕಾಣುತ್ತದೆ. ಹೋದ ದಾರಿಯಲ್ಲಿ ಮರಳಿ ಬರಲಿಕ್ಕೆ ಆಗದಂತೆ ಎಣಿಕೆ ತಪ್ಪಿದರೆ ಕೆಲಸವೆಲ್ಲ ಕೆಟ್ಟಿತು. ಇನ್ನು ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲಿಯೇ ಸೇರಿಸಿಬಿಡಬೇಕು.

“ಹೆಣ್ಣು ನೋಡಾಕ ಬಂದವರು ಸೆರಗು ತಿರುವಿ ನೋಡತಿದ್ರವಾ” ಎಂದಳು ಅಜ್ಜಿ. “ಮುಂದ ಚೆಂದ ಮಾಡೋದು ಯಾರಿಗೂ ಬರತದ.”

ಮನೆಗೆ ಬರುವಾಗ ಹುಡುಗಿ ಮಾತಾಡಲಿಲ್ಲ. ಅವಳ ಮೌನ ನೋಡಲಾರದೆ ಶಾಸ್ತ್ರ ತೆಗೆದೆ; ಮೇಷ್ಟರುಗಳ ದುರಭ್ಯಾಸ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿದ್ದ ಆನಂದವರ್ಧನ ‘ಧ್ವನ್ಯಾಲೋಕ’ದ ಕೊನೆಯ ಭಾಗದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಒಬ್ಬ ಕವಿಯ ಮಾತಿಗೂ ಇನ್ನೊಬ್ಬನ ಮಾತಿಗೂ ಹೋಲಿಕೆ ಬಂದೇ ಬರುತ್ತದೆ. ಅದು ಮೂರು ಬಗೆ. ಕನ್ನಡಿಯ ಬಿಂಬದಂತೆ ಇರುವುದು ಒಂದು. ಅದಕ್ಕೆ ತನ್ನದೆಂಬ ಜೀವವೇ ಇಲ್ಲ. ಚಿತ್ರ ಬರೆದಂತೆ ಇರುವುದು ಇನ್ನೊಂದು. ಅದರ ಜೀವ ಅಲ್ಪ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಹೋಲುವಂತೆ ಇರುವುದು ಮೂರನೆಯದು. ಮುಖ ಹೋಲಿದರೂ ಪ್ರಾಣ ಬೇರೆ. ಮೊದಲಿನ ಎರಡನ್ನು ಬಿಡಬೇಕು, ಮೂರನೆಯದಕ್ಕೆ ಕವಿ ಹೆದರಬೇಕಾಗಿಲ್ಲ.

“ನಂದು ಯಾವುದು ಮಾಮಾ?”

“ಸದ್ಯ ಮೊದಲನೇದು.”

ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು: “ಮೂರನೇದು ಮಾಡಿದ್ರ, ಅಜ್ಜಿ ಹೆಸರು ಹೇಳೋದು ಬ್ಯಾಡೇನು?”

ಶಾಸ್ತ್ರಕಾರ ಜೀವದ ಲೆಕ್ಕ ಹೇಳಿದ್ದಾನೆ, ಋಣದ ಲೆಕ್ಕ ಹೇಳಿಲ್ಲ. ಕಾನೂನನ್ನು ನೆನೆಸಿಕೊಂಡೆ. ಕಸೂತಿಗೆ 1999ರ ಕಾಯ್ದೆಯಂತೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ; ಅದು ಕಾಯುವುದು ಕಸೂತಿಯೆಂಬ ಹೆಸರನ್ನು, ಈ ಅಜ್ಜಿಯ ಮೋಟು ಸೊಂಡಿಲನ್ನಲ್ಲ. ಉತ್ತರ ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಏಕೆಂಬುದನ್ನು ಈಗ ಹೇಳಬೇಕು.

ಹದಿನಾಲ್ಕು ವರ್ಷದ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಕಿರುಪರೀಕ್ಷೆಯಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಮೇಲೆ ಒಂದು ಉತ್ತರ ಬರೆದ. ಅವನ ತಾಯಿ ಸಂತೆಯಲ್ಲಿ ಕಾಯಿಪಲ್ಯ ಮಾರುತ್ತಿದ್ದಳು. ಹೆಂಡತಿಯನ್ನೂ ಮಗನನ್ನೂ ಮಾರುವ ಹರಿಶ್ಚಂದ್ರನ ಸಂಕಟಕ್ಕೆ ನಾವು ಅಳುತ್ತೇವೆ, ಚಂದ್ರಮತಿಯ ದುಃಖಕ್ಕೆ ಅಳುತ್ತೇವೆ. ಓದುವವರ ಲೆಕ್ಕದಲ್ಲಿ ಲೋಹಿತಾಶ್ವ ಮಾತ್ರ ಕೊಸರು, ವ್ಯಾಪಾರ ಮುಗಿದ ಮೇಲೆ ಚೀಲಕ್ಕೆ ಎಸೆಯುವ ಕೊತ್ತಂಬರಿಯ ಹಾಗೆ. ಆ ಹುಡುಗನ ಕಡೆಯಿಂದ ಓದಿದರೆ ಸತ್ಯದ ಬೆಲೆ ಏನಾದೀತು ಎಂದು ಅವನು ಕೇಳಿದ್ದ. ಆ ಉತ್ತರಕ್ಕೆ ಹತ್ತಕ್ಕೆ ಎಂಟು ಅಂಕ ಕೊಟ್ಟೆ.

ಎರಡು ವರ್ಷದ ಮೇಲೆ ಒಂದು ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದಿದೆ. ವಿಷಯವನ್ನು ಬೆಳೆಸಿದ್ದೆ, ಉದಾಹರಣೆಗಳನ್ನು ಸೇರಿಸಿದ್ದೆ. ಆನಂದವರ್ಧನ ಪರೀಕ್ಷಿಸಿದರೆ ಮೂರನೆಯ ಬಗೆಯಲ್ಲಿಯೇ ತೇರ್ಗಡೆ ಮಾಡುತ್ತಿದ್ದ. ಆದರೆ ‘ಕೊಸರು’ ಹಾಗೆಯೇ ಉಳಿದಿತ್ತು. ಎಲ್ಲರೂ ಮೆಚ್ಚಿದ್ದು ಆ ಶಬ್ದವನ್ನೇ. ಪ್ರಬಂಧ ಪುಸ್ತಕದಲ್ಲಿ ಸೇರಿತು. ಮುನ್ನುಡಿಯಲ್ಲಿ ಹೆಂಡತಿಯಿಂದ ಮುದ್ರಕರವರೆಗೆ ಎಲ್ಲರಿಗೂ ವಂದನೆ ಹೇಳಿದ್ದೇನೆ. ಅವನ ಹೆಸರಿಲ್ಲ. ಮರೆವೆಂದು ಹೇಳಿಕೊಳ್ಳಲು ಎಷ್ಟೋ ಸಲ ಪ್ರಯತ್ನಪಟ್ಟೆ. ಆ ಉತ್ತರಪತ್ರಿಕೆಯನ್ನು ರದ್ದಿಗೆ ಹಾಕದೆ ಕಪಾಟಿನಲ್ಲಿ ಇಟ್ಟುಕೊಂಡವನಿಗೆ ಮರೆವು ಎಲ್ಲಿಂದ ಬರಬೇಕು? ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕವನು, “ನಿಮ್ಮ ಪುಸ್ತಕ ಓದಿದೆ ಸರ್, ಛಲೋ ಬಂದದ” ಎಂದಷ್ಟೇ ಹೇಳಿ ನನ್ನ ಚೀಲ ಹಿಡಿದು ಬಸ್ಸಿಗೆ ಹತ್ತಿಸಿದ್ದ.

ಹುಡುಗಿಗೆ ಇದನ್ನೆಲ್ಲ ಹೇಳಿದೆ. ಅವಳು ಉಪದೇಶ ಮಾಡಲಿಲ್ಲ, ದೊಡ್ಡ ಉಪಕಾರವಾಯಿತು. ಮರುದಿನದಿಂದ ಹತ್ತು ದಿನ ಅಜ್ಜಿಯ ಮನೆಗೆ ಹೋಗಿ ಗವಂತಿ ಕಲಿತಳು. ಕಲಿತಳೆನ್ನುವುದು ಸೌಜನ್ಯದ ಮಾತು: ಒಂದು ಗೇಣು ಬಟ್ಟೆಯ ಮೇಲೆ ಒಂದು ಗೋಪುರ, ಅದರ ಹಿಂಬದಿ ನಮ್ಮ ಓಣಿಯ ವಿದ್ಯುತ್ ತಂತಿಗಳಂತೆ. ಅಚ್ಚಿನ ಬಟ್ಟೆಯ ಜೊತೆಗೆ ಅದನ್ನೂ ಒಪ್ಪಿಸುವಳಂತೆ, ಹಿಂಬದಿ ಮೇಲಾಗಿ. ಆನೆಗಳನ್ನು ತೆಗೆಯಲಿಲ್ಲ, ಅಜ್ಜಿ ತೆಗೆಯಲು ಬಿಡಲಿಲ್ಲ. ‘ಅನಾಮಿಕ’ ಎಂಬ ಶಬ್ದ ಹೋಗಿ ಅಲ್ಲಿ ಅಜ್ಜಿಯ ಹೆಸರೂ, ಅಜ್ಜಿ ಪಟ್ಟು ಹಿಡಿದದ್ದರಿಂದ ಬೈದ ಸೋದರತ್ತೆಯ ಹೆಸರೂ ಬಂದವು. ತತ್ವಗಳ ಹಾಳೆಯಲ್ಲಿ ಆರರ ಕೆಳಗೆ ರಾಮ್ಸನ ಹೆಸರು ಬರೆದಳು. ಏಳನೆಯದು ಸೇರಿಸುವಿಯಾ ಎಂದೆ. “ಇನ್ನೂ ಒಂದ ಗೋಪುರ ಆಗೇದ್ರಿ” ಎಂದಳು.

ನನ್ನ ಪುಸ್ತಕ ಎರಡನೆಯ ಮುದ್ರಣಕ್ಕೆ ಹೋಗಿದೆ. ಕರಡು ಮೇಜಿನ ಮೇಲೆ ಇತ್ತು. ಆ ಪ್ರಬಂಧದ ಮೊದಲ ಪುಟದಲ್ಲಿ ನಾಲ್ಕು ಸಾಲು ಬರೆದು, ಕಳುಹಿಸುವ ಮೊದಲು ಅವನಿಗೆ ಫೋನ್ ಮಾಡಿದೆ. ಅವನೀಗ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ಕುಶಲ ವಿಚಾರಿಸಿ, ನಿನ್ನ ಒಂದು ವಿಚಾರವನ್ನು ನಾನು ನನ್ನದೆಂದು ಬರೆದುಕೊಂಡಿದ್ದೇನೆ, ಈಗ ಹೆಸರು ಹಾಕುತ್ತಿದ್ದೇನೆ, ಇಷ್ಟು ದಿನ ಹಾಕದಿದ್ದದ್ದು ತಪ್ಪು ಎಂದೆ. ಯಾವ ವಿಚಾರವೆಂದು ಹೇಳಲು ನಾಲಗೆ ಏಳಲಿಲ್ಲ.

“ಅಯ್ಯ, ಬಿಡ್ರಿ ಸರ್. ನನಗೇನೂ ನೆನಪಿಲ್ಲ” ಎಂದ.

ಆ ಕಡೆ ಶಾಲೆಯ ಗಂಟೆ ಬಾರಿಸಿತು. ಹುಡುಗರ ಗದ್ದಲ ಕೇಳಿಸಿತು. ಫೋನ್ ಇಟ್ಟನೇನೋ ಎಂದುಕೊಂಡೆ.

“ಕೊಸರಿನ ಮಾತಲ್ಲೇನ್ರಿ ಸರ್?” ಎಂದ.