ಇರುಳಿನ ಸುತ್ತು

ಮಲೆನಾಡಿನಲ್ಲಿ ವರ್ಷದ ಕತ್ತಲೆಯ ತಿಂಗಳುಗಳು ಚಳಿಗಾಲದವಲ್ಲ, ಮಳೆಗಾಲದವು. ಜೂನ್ ತಿಂಗಳಿನಲ್ಲಿ ಹಗಲು ಅತಿ ದೀರ್ಘವೆಂದು ಭೂಗೋಳಶಾಸ್ತ್ರ ಹೇಳುತ್ತದೆ. ಆದರೆ ಮೃಗಶಿರಾ ಮಳೆ ಹಿಡಿದು, ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಒಂದರ ಬೆನ್ನಿಗೆ ಒಂದು ಸುರಿಯತೊಡಗಿದರೆ, ತೀರ್ಥಹಳ್ಳಿ, ಶೃಂಗೇರಿಗಳ ಕಡೆಯ ಒಂಟಿಮನೆಗಳಲ್ಲಿ ನಡುಹಗಲಿನಲ್ಲಿಯೂ ದೀಪ ಹಚ್ಚಬೇಕಾಗುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಂತೂ ಸೂರ್ಯನ ಮುಖ ಕಾಣದೆ ವಾರಗಳು ಕಳೆಯುವುದುಂಟು. ಎರಚಲನ್ನು ತಡೆಯಲೆಂದು ಜಗುಲಿಗೆ ಕಟ್ಟಿದ ಅಡಕೆಸೋಗೆಯ ತಟ್ಟಿ, ಅಳಿದುಳಿದ ಬೆಳಕನ್ನೂ ತಡೆದುಬಿಡುತ್ತದೆ.

ಅಂತಹ ಮನೆಯೊಂದರಲ್ಲಿ ಒಬ್ಬ ಅಜ್ಜಿ ಇದ್ದರು. ಮಳೆಗೆ ತಿಂಗಳ ಮೊದಲೇ ಅವರ ಸಿದ್ಧತೆ ಆರಂಭವಾಗುತ್ತಿತ್ತು. ಹೆಂಚುಗಳನ್ನು ಕೈಯಾಡಿಸಬೇಕು, ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸಬೇಕು, ಹಳ್ಳದ ಸಂಕದ ಲಡ್ಡಾದ ಮರವನ್ನು ಬದಲಾಯಿಸಿ, ಶಾಲೆಗೆ ಹೋಗುವ ಮಕ್ಕಳ ಕೈಗೆ ಆಸರೆಯಾಗುವಂತೆ ಗಳು ಕಟ್ಟಿಸಬೇಕು. ಒಣಸೌದೆ ಕೊಟ್ಟಿಗೆಯನ್ನೇ ಸೇರಬೇಕು, ಮನೆಯ ಗೋಡೆಗೆ ಒತ್ತಿ ಪೇರಿಸಕೂಡದು. ಸೌದೆಯ ಸಂದಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ ಎಂಬುದು ಅವರ ಲೆಕ್ಕ.

ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಅಜ್ಜಿ ಲಾಟೀನು ಹಿಡಿದು ಮನೆಯನ್ನು ಒಂದು ಸುತ್ತು ಬರುತ್ತಿದ್ದರು. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದೆಯೇ, ಬಚ್ಚಲ ಒಲೆಯಿಂದ ಉರಿಯುವ ಸೌದೆ ಹೊರಚಾಚಿದೆಯೇ, ನೀರು ಹೋಗುವ ಕಂಡಿಗೆ ಜಾಲರಿ ಇದೆಯೇ ಎಂದು ನೋಡುವರು. ಹಾಸಿಗೆಗಳನ್ನು ಕೊಡವಿಸಿ, ಗೋಡೆಯಿಂದ ಒಂದು ಮೊಳ ದೂರ ಹಾಸಿಸಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವರು. ಕೊನೆಗೆ ಮಲಗಿದವರ ತಲೆಗಳನ್ನು ಎಣಿಸಿ, ತಾವು ಮಲಗುವರು. ಮನೆಗೆ ವಿದ್ಯುದ್ದೀಪ ಬಂದ ಮೇಲೆಯೂ ಈ ಕ್ರಮ ತಪ್ಪಲಿಲ್ಲ. ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಆ ದೀಪ ಮತ್ತೆ ಹೊತ್ತಿಕೊಳ್ಳಲು ಎಷ್ಟು ದಿನ ಬೇಕೆಂದು ಯಾರು ಬಲ್ಲರು?

ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಮೊಮ್ಮಗನಿಗೆ ಇದೊಂದು ವಿನೋದ. "ಅಜ್ಜೀ, ದೇವಸ್ಥಾನಕ್ಕೂ ನೀನು ಇಷ್ಟು ಪ್ರದಕ್ಷಿಣೆ ಹಾಕಿಲ್ಲವಲ್ಲ!" ಎಂದು ನಗುತ್ತಿದ್ದ. ಅಜ್ಜಿ ಉತ್ತರ ಕೊಡುತ್ತಿರಲಿಲ್ಲ. ಲಾಟೀನಿನ ಬತ್ತಿಯನ್ನು ಕೊಂಚ ಏರಿಸಿಕೊಂಡು ಮುಂದಿನ ಕೋಣೆಗೆ ಹೋಗುತ್ತಿದ್ದರು.

ಒಂದು ವರ್ಷ ಪುಷ್ಯ ಮಳೆಯ ಹೊತ್ತಿಗೆ ಅವನ ಅಕ್ಕ ಚೊಚ್ಚಲ ಬಾಣಂತಿಯಾಗಿ ಮನೆಯಲ್ಲಿದ್ದಳು. ಒಣಗದ ಬಟ್ಟೆ, ಎಳೆಗೂಸು, ಬಿಡದ ಥಂಡಿ. ತಾಯಿ ಬಾಣಂತಿಯ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯಿಟ್ಟು, ಕಿಟಕಿಯ ಸಂದಿಗೆ ಗೋಣಿತಾಟು ತುರುಕಿ, ಬಾಗಿಲು ಮುಚ್ಚಿದ್ದರು. ಸುತ್ತು ಬಂದ ಅಜ್ಜಿ ಬಾಗಿಲು ತೆರೆದಾಗ ಬಾಣಂತಿ, "ತಲೆ ಸಿಡಿಯುತ್ತಿದೆ ಅಜ್ಜೀ, ಎದ್ದರೆ ಕಣ್ಣು ಕತ್ತಲಿಡುತ್ತದೆ" ಎಂದು ಕ್ಷೀಣವಾಗಿ ನುಡಿದಳು. ಅಜ್ಜಿ ಮಾತಾಡದೆ ತಾಯಿಯನ್ನೂ ಮಗುವನ್ನೂ ಪಡಸಾಲೆಗೆ ಕರೆತಂದರು. ಅಗ್ಗಿಷ್ಟಿಕೆಯನ್ನು ಹೊರಗಿರಿಸಿ, ಗೋಣಿತಾಟನ್ನು ಕಿತ್ತೆಸೆದು ಕಿಟಕಿ ತೆರೆದರು.

"ಅತ್ತೆ, ಕೂಸಿಗೆ ಥಂಡಿಯಾದೀತು" ಎಂದು ಸೊಸೆ ಗಾಬರಿಗೊಂಡರು.

"ಥಂಡಿಗೆ ಕಂಬಳಿ ಇದೆ ಕಣೇ, ಕೆಟ್ಟ ಗಾಳಿಗೆ ಏನಿದೆ?"

"ಕೋಣೆಯಲ್ಲಿ ಹೊಗೆಯೇ ಇರಲಿಲ್ಲವಲ್ಲ ಅಜ್ಜೀ" ಎಂದ ಮೊಮ್ಮಗ.

"ಹೊಗೆ ಇದ್ದಿದ್ದರೆ ಕೆಮ್ಮಿಯಾದರೂ ಎದ್ದು ಬರುತ್ತಿದ್ದಳು ಮಗಾ."

ಹುಡುಗ ಸ್ತಬ್ಧನಾದ. ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಇದನ್ನೆಲ್ಲ ಅವನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ. ಆದರೆ ತನ್ನ ಮನೆಯ ಮುಚ್ಚಿದ ಬಾಗಿಲಿನ ಹಿಂದೆ ಅದು ಇರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಮರುದಿನ ತಾಯಿ ಮಗುವನ್ನು ಪರೀಕ್ಷಿಸಿದ ವೈದ್ಯರು, ಬಾಗಿಲು ತೆರೆದುದು ಸಕಾಲದಲ್ಲಾಯಿತು ಎಂದರು.

ಆ ಸಂಜೆ ಲಾಟೀನನ್ನು ಮೊಮ್ಮಗನೇ ಹಿಡಿದುಕೊಂಡ. ಸುತ್ತು ಮುಗಿದು ಜಗುಲಿಯಲ್ಲಿ ಕುಳಿತಾಗ, "ಅಜ್ಜೀ, ಈ ಅಭ್ಯಾಸ ನಿನಗೆ ಯಾರು ಕಲಿಸಿದರು?" ಎಂದು ಕೇಳಿದ.

ಅಜ್ಜಿ ಬಹಳ ಹೊತ್ತು ಮಳೆಯನ್ನು ನೋಡುತ್ತಿದ್ದರು. ಅನಂತರ ಹೇಳಿದರು: "ನಿನ್ನ ಅಪ್ಪನಿಗೆ ಒಬ್ಬ ತಮ್ಮನಿದ್ದ. ಆರು ವರ್ಷದವನು. ಇಂಥದೇ ಮಳೆಯ ರಾತ್ರಿ, ನೆಲದ ಮೇಲೆ ಮಲಗಿದ್ದವನು ಎದ್ದು, ಏನೋ ಕಚ್ಚಿತಮ್ಮಾ ಎಂದ. ನೋಡಿದೆ, ಗಾಯವಿಲ್ಲ, ಬಾವಿಲ್ಲ, ನೋವೂ ಇಲ್ಲವೆಂದ. ಇರುವೆ ಇರಬೇಕು, ಮಲಗು ಎಂದೆ. ಬೆಳಗಾಗುವಾಗ ಅವನಿಗೆ ರೆಪ್ಪೆ ಎತ್ತಲಾಗಲಿಲ್ಲ. ಹಳ್ಳ ತುಂಬಿತ್ತು, ಸಂಕ ಕೊಚ್ಚಿಹೋಗಿತ್ತು. ದೀಪ ಹಚ್ಚಿ ಹಾಸಿಗೆ ಕೊಡವಿದ್ದರೆ ಕಟ್ಟುಹಾವು ಕಾಣುತ್ತಿತ್ತು ಮಗಾ. ನಾನು ಕೊಡವಲಿಲ್ಲ."

ಇಂದು ಅಜ್ಜಿ ಇಲ್ಲ. ಹಳ್ಳಕ್ಕೆ ಕಾಂಕ್ರೀಟಿನ ಸೇತುವೆಯಾಗಿದೆ. ಕರೆದರೆ ಬರುವ 108ರ ವಾಹನವಿದೆ. ಹಾವಿನ ವಿಷಕ್ಕೆ ಆಸ್ಪತ್ರೆಯಲ್ಲಿ ಪ್ರತಿವಿಷವಿದೆ. ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದೆ. ಕಟ್ಟುಹಾವಿನ ಕಡಿತ ಅನೇಕ ವೇಳೆ ನೋಯುವುದಿಲ್ಲ, ಬಾಯುವುದಿಲ್ಲ. ಆದ್ದರಿಂದ ಸಂದೇಹ ಬಂದೊಡನೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕೆಂದು ಆ ಮನೆಯ ಮಕ್ಕಳೆಲ್ಲರೂ ಬಲ್ಲರು.

ಆದರೂ ಆರಿದ್ರಾ ಮಳೆ ಹಿಡಿಯಿತೆಂದರೆ, ಈಗ ತಲೆ ನರೆತಿರುವ ಆ ಮೊಮ್ಮಗ ಊಟವಾದ ಮೇಲೆ ಟಾರ್ಚು ಹಿಡಿದು ಏಳುತ್ತಾನೆ. ಒಲೆ, ಬಚ್ಚಲು, ಕಂಡಿ, ಹಾಸಿಗೆ. ಕೊನೆಗೆ ಮಲಗಿದವರ ತಲೆಗಳು. ಮಕ್ಕಳು ನಕ್ಕರೆ ಅವನು ಸಿಟ್ಟಾಗುವುದಿಲ್ಲ. ಟಾರ್ಚನ್ನು ಅವರಲ್ಲೊಬ್ಬರ ಕೈಗೆ ಕೊಟ್ಟು, "ನಡೆ, ಇವತ್ತು ನೀನು ನೋಡು" ಎನ್ನುತ್ತಾನೆ.