ಮನೆಯ ಜಗಳಕ್ಕೂ ನ್ಯಾಯ ಬೇಕು

ಶಿವಮೊಗ್ಗದಲ್ಲಿ ಕತೆ ಬರೆಯುವ ಹುಡುಗರು ಆಗಾಗ ನನ್ನ ಹತ್ತಿರ ಹಸ್ತಪ್ರತಿ ತರುತ್ತಾರೆ. ಅವುಗಳಲ್ಲಿ ಗೌಡ ಕೆಟ್ಟವನು, ಸಾಹುಕಾರ ಕೆಟ್ಟವನು. ಸರಿ. ಆದರೆ ಗುಡಿಸಲೊಳಗಿನ ಅಪ್ಪ ಮಾತ್ರ ದೇವರಂಥವನು. ಅವ್ವ ಒಲೆ ಮುಂದೆ ಕೂತು ಅಳುತ್ತಾಳೆ, ಅಷ್ಟೇ. ‘ಯಾಕ್ರಪ್ಪಾ, ನಿಮ್ಮನೇಲಿ ಜಗಳಾನೇ ಆಗಲ್ವಾ?’ ಅಂತ ಕೇಳಿದರೆ, ‘ಆಗುತ್ತೆ ಸಾರ್, ಬರೆದ್ರೆ ಮೇಲಿನೋರು ನೋಡಿ ನಗ್ತಾರೆ’ ಅನ್ನುತ್ತಾರೆ.

ಈ ಅಂಜಿಕೆ ಸುಳ್ಳಲ್ಲ. ನಮ್ಮ ಮನೆಯ ಜಗಳವನ್ನು ನಮ್ಮ ಜಾತಿಯ ಗುಣ ಅಂತ ಓದುವ ಕಣ್ಣುಗಳು ಇವತ್ತಿಗೂ ಇವೆ. ಆದರೆ ಆ ಕಣ್ಣಿಗೆ ಹೆದರಿ ಅವ್ವನ ಬಾಯಿ ಕಟ್ಟಿದರೆ ಅವಳ ಪಾಲಿಗೆ ನಾವೂ ಗೌಡರೇ.

ನನ್ನಪ್ಪ ಭದ್ರಾವತಿಯಲ್ಲಿ ಕುಲುಮೆ ಮುಂದೆ ದುಡಿದವನು. ಗೇಟಿನ ಹತ್ತಿರ ಸಮಾನತೆಯ ಘೋಷಣೆ ಕೂಗುತ್ತಿದ್ದ. ಮನೆಗೆ ಬಂದರೆ ಮೊದಲ ಮುದ್ದೆ ಅವನಿಗೆ, ತಳದ ಸಾರು ಅವ್ವನಿಗೆ. ನನ್ನನ್ನು ಓದಿಸಲು ಅಕ್ಕನನ್ನು ಶಾಲೆ ಬಿಡಿಸಿದ. ಅಕ್ಕ ಅಡಿಕೆ ಸುಲಿದ ದುಡ್ಡಲ್ಲಿ ನನ್ನ ಪುಸ್ತಕ ಬಂತು. ಅದೇ ಅಪ್ಪ, ಮೇಸ್ತ್ರಿ ಜಾತಿ ಎತ್ತಿ ಬೈದ ದಿನ ಉಣ್ಣದೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಒಂದನ್ನೇ ಬರೆದರೆ ರಾಕ್ಷಸನಾಗುತ್ತಾನೆ, ಇನ್ನೊಂದನ್ನೇ ಬರೆದರೆ ಹುತಾತ್ಮನಾಗುತ್ತಾನೆ. ಎರಡನ್ನೂ ಬರೆದರೆ ಮನುಷ್ಯ.

ದೇವನೂರ ಮಹಾದೇವರ ‘ಒಡಲಾಳ’ ನೋಡಿ. ಸಾಕವ್ವನ ಹುಂಜ ಕಳೆದಿದೆ. ಮನೆತುಂಬ ಹಸಿವು, ಮಾತಿಗೆ ಮಾತು. ಅದೇ ಮನೆಯವರು ರಾತ್ರಿ ಒಟ್ಟಿಗೆ ಕೂತು ಕಡಲೆಕಾಯಿ ತಿನ್ನುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ. ಅಲ್ಲಿ ಯಾರೂ ಭಾಷಣ ಬಿಗಿಯುವುದಿಲ್ಲ. ನಮ್ಮ ಜಿಲ್ಲೆಯ ಕೊನಗವಳ್ಳಿಯಲ್ಲಿ 1935ರಲ್ಲಿ ಹುಟ್ಟಿದ ಲಂಕೇಶರು ‘ಅಕ್ಕ’ ಕಾದಂಬರಿಯಲ್ಲಿ ದೇವೀರಿಯ ಬದುಕನ್ನು ಕೊಳೆಗೇರಿಯಲ್ಲಿ ಬೆಳೆಯುವ ಅವಳ ತಮ್ಮ ಕ್ಯಾತನ ಬಾಯಲ್ಲೇ ಹೇಳಿಸಿದರು.

ಇಂಥ ಕತೆಗಳು ಭದ್ರಾವತಿಯಲ್ಲಿ ಬೇಕಾದಷ್ಟಿವೆ. 1923ರಲ್ಲಿ ಉತ್ಪಾದನೆ ಶುರುವಾದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಇವೆರಡನ್ನೂ ನಂಬಿ ಸಂಸಾರಗಳು ಬೆಳೆದವು. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಕಾರ್ಮಿಕರು ಹೋರಾಟಕ್ಕಿಳಿದರು. ಪತ್ರಿಕೆಯವರು ಅಷ್ಟು ಬರೆದರು. ಕತೆಗಾರ ಮನೆಯೊಳಗೆ ಹೋಗಬೇಕು. ಅಪ್ಪನ ಕೈಗೆ ಬಂದ ಇಡಿಗಂಟು ಮಗನ ಆಟೋಗೋ, ಮಗಳ ಓದಿಗೋ? ಕ್ವಾರ್ಟರ್ಸು ಬಿಟ್ಟ ಮೇಲೆ ಅಜ್ಜಿ ಯಾವ ಮಗನ ಮನೆಗೆ? ಕಾಯಂ ನೌಕರಿಯ ಗಂಡನಿಗೂ ಗುತ್ತಿಗೆ ಕೆಲಸದ ಮೈದುನನಿಗೂ ಬಡಿಸುವಾಗ ಅತ್ತಿಗೆಯ ಕೈ ಎಲ್ಲಿ ತಡೆಯುತ್ತೆ? ತಡೆದರೆ ಅವಳನ್ನು ಕೆಟ್ಟವಳು ಅನ್ನುವ ಮೊದಲು ಅವಳ ಅಕ್ಕಿ ಡಬ್ಬ ನೋಡಿ.

ನಮ್ಮನೆ ಕತೆ ಬರೆಯಲೇ ಅಂತ ಅಕ್ಕನನ್ನು ಕೇಳಿದೆ. ‘ಬರಿಯಪ್ಪಾ. ಆದ್ರೆ ನಾನು ಖುಷಿಯಿಂದ ಶಾಲೆ ಬಿಟ್ಟೆ ಅಂತ ಮಾತ್ರ ಬರೀಬೇಡ. ಮೂರು ದಿನ ಉಣ್ಣಲಿಲ್ಲ ನಾನು’ ಅಂದಳು.

ಆ ಮೂರು ದಿನವೂ ಮನೆಯಲ್ಲಿ ಮುದ್ದೆ ಬೆಂದಿತ್ತು. ಅಪ್ಪ ಉಂಡ, ಅವ್ವ ಉಂಡಳು, ನಾನೂ ಉಂಡೆ. ಬರೆಯುವುದಾದರೆ ನಾಲ್ಕು ತಟ್ಟೆಗಳನ್ನೂ ಬರೆಯಬೇಕು.